ಟ್ಯಾಂಕ್ ಕೆಂಪಯ್ಯ

ಬಸವೇಶ್ವರನಗರದ ಒಂದು ಸಣ್ಣ ಲ್ಯಾಬಿನಲ್ಲಿ ಶಶಿಕಲಾ ಟೆಕ್ನಿಷಿಯನ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರ ರಕ್ತ ತೆಗೆಯುವುದು, ಡಬ್ಬಿಗಳಲ್ಲಿ ತಂದುಕೊಟ್ಟ ಮೂತ್ರ, ಮಲ, ಕಫವನ್ನು ಪರೀಕ್ಷೆಗೆ ಸಿದ್ಧ ಮಾಡುವುದು ಅವಳ ಕೆಲಸ. ಮದುವೆ ಮನೆಗಳಲ್ಲಿ ಪಕ್ಕ ಕೂತ ಹೆಂಗಸರು ಅಸಹ್ಯ ಆಗಲ್ವಾ ಎಂದು ಕೇಳುತ್ತಾರೆ. ಆಗುವುದಿಲ್ಲ ಎನ್ನುತ್ತಾಳೆ, ಅದು ನಿಜವೂ ಹೌದು. ಕಾಯಿಲೆಯವರ ದೇಹದಿಂದ ಬಂದದ್ದನ್ನು ಕಂಡು ಮುಖ ಕಿವುಚುವುದು ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವಳಿಗೆ ಬಿಟ್ಟುಹೋಯಿತು. ಹೇಸಿಗೆ ಎಂದರೇನು ಎಂಬುದು ಅವಳಿಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ, ಸುಂಕದಕಟ್ಟೆಯ ತನ್ನ ಮನೆಯ ನಡುಮನೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾಗ.

ಆ ಮನೆಯಲ್ಲಿ ಇರುವವರು ಅವಳು ಮತ್ತು ತಾಯಿ ರಾಮಕ್ಕ, ಇಬ್ಬರೇ. ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಹೆಚ್ಚು ದಿನ ಬದುಕಲಿಲ್ಲ. ಶಶಿಕಲಾಳ ಮದುವೆಯ ಮಾತನ್ನು ನೆಂಟರೆಲ್ಲ ಆಡಿ ಆಡಿ ಸುಸ್ತಾಗಿ ಬಿಟ್ಟಿದ್ದರು. ಮಧ್ಯಾಹ್ನಕ್ಕೇ ಲ್ಯಾಬಿನ ಕೆಲಸ ಮುಗಿಯುತ್ತಿತ್ತು. ಸಂಜೆ ರಾಮಕ್ಕ ಧಾರಾವಾಹಿ ನೋಡುತ್ತಿದ್ದರೆ ಇವಳು ಫೋನಿನಲ್ಲಿ ಬಣ್ಣದ ಗುಳ್ಳೆ ಒಡೆಯುವ ಆಟ ಆಡುತ್ತಿದ್ದಳು.

ಲ್ಯಾಬಿನಲ್ಲೂ ಬಿಡುವಾದಾಗ ಅದನ್ನೇ ಆಡುವುದನ್ನು ನೋಡಿ ನಕ್ಕವಳು ಕವನಾ. ಲ್ಯಾಬಿನ ಮುಂದಿನ ಕೌಂಟರಿನಲ್ಲಿ ಬಿಲ್ಲು ಬರೆಯುವ ಹುಡುಗಿ, ಇಪ್ಪತ್ತೈದರ ಆಸುಪಾಸು, ವಿಜಯನಗರದವಳು. ಅವಳು ಆಡುತ್ತಿದ್ದದ್ದು ಕಂಪ್ಯೂಟರಿನ ಆನ್‌ಲೈನ್ ಆಟ. ಐದು ಜನ ತಮ್ಮ ತಮ್ಮ ಮನೆಯಲ್ಲೇ ಕೂತು ಒಂದು ತಂಡವಾಗಿ ಪಾಳುಕೋಟೆಗೆ ನುಗ್ಗಿ ರಾಕ್ಷಸರನ್ನು ಕೊಲ್ಲಬೇಕು. ಮೂವರು ಹೊಡೆಯುವವರು. ಒಬ್ಬರು ಗಾಯ ವಾಸಿ ಮಾಡುವ ಹೀಲರ್, ಅದು ಕವನಾ. ಇನ್ನೊಬ್ಬರು ಟ್ಯಾಂಕ್. ಟ್ಯಾಂಕ್ ಆದವರು ಗುರಾಣಿ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲಬೇಕು. ರಾಕ್ಷಸನನ್ನು ಕೆಣಕಿ ಅವನ ಸಿಟ್ಟನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳಬೇಕು. ಬೇರೆಯವರು ಎರಡು ಏಟಿಗೆ ಸಾಯುತ್ತಾರೆ, ಟ್ಯಾಂಕ್ ತಡೆದುಕೊಳ್ಳುತ್ತಾನೆ. ಕವನಾಳ ತಂಡದ ಟ್ಯಾಂಕ್ ಜಗಳ ಮಾಡಿಕೊಂಡು ಹೊರಟುಹೋಗಿದ್ದ.

“ಯಾರಿಗೂ ಬೇಡದ ಪಾತ್ರ ಅಕ್ಕ ಅದು. ಎಲ್ಲರಿಗೂ ಹೊಡೆಯೋದೇ ಬೇಕು. ನೀವು ಕಲಿತ್ಕೊಳ್ತೀರಾ?” ಎಂದಳು.

ಕವನಾಳ ತಮ್ಮ ಹೊಸ ಕಂಪ್ಯೂಟರ್ ತಂದಿದ್ದರಿಂದ ಹಳೆಯದು ಶಶಿಕಲಾಳ ಮನೆಗೆ ಬಂತು. ಪಾತ್ರಕ್ಕೆ ಒಂದು ಹೆಸರು ಕೊಡಿ ಎಂದು ಆಟ ಕೇಳಿದಾಗ ಶಶಿಕಲಾ ತನ್ನ ತಾತನ ಹೆಸರು ಹಾಕಿದಳು: ಕೆಂಪಯ್ಯ. ಗಡ್ಡ ಬಿಟ್ಟ, ಎದೆ ಅಗಲದ ಗಂಡಾಳು. ಮನೆಯಲ್ಲಿ ಟಿವಿ ಸದ್ದು, ಮೇಲಾಗಿ ಸಂಕೋಚ. ಹಾಗಾಗಿ ಮೈಕ್ ಹಾಕಲಿಲ್ಲ. ಬೇರೆಯವರ ಮಾತು ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು, ಉತ್ತರವನ್ನು ಟೈಪ್ ಮಾಡುತ್ತಿದ್ದಳು. ಕವನಾ ಅವರಿಗೆಲ್ಲ, ನಮಗೆ ಗೊತ್ತಿರುವವರು, ಸ್ವಲ್ಪ ದೊಡ್ಡವರು ಎಂದಷ್ಟೇ ಹೇಳಿದ್ದಳು. ತಂಡದ ಮೂವರು ಹುಡುಗರಿಗೂ ಕೆಂಪಯ್ಯ ಅಣ್ಣನಾದ.

ಮೊದಲ ದಿನಗಳು ಅವಮಾನದಲ್ಲೇ ಕಳೆದವು. ಏಟು ಬಿದ್ದ ಕೂಡಲೇ ಅವಳ ಬೆರಳು ತಾನಾಗಿ ಹಿಂದಕ್ಕೆ ಓಡುವ ಗುಂಡಿ ಒತ್ತುತ್ತಿತ್ತು. ಕೆಂಪಯ್ಯ ಹಿಂದೆ ಸರಿದರೆ ರಾಕ್ಷಸನೂ ಅವನ ಹಿಂದೆಯೇ ಬಂದು ಗುಂಪಿನ ನಡುವೆ ನಿಲ್ಲುತ್ತಿದ್ದ. ಅಲ್ಲಿಗೆ ಎಲ್ಲರೂ ಸಾಯುತ್ತಿದ್ದರು. ಅವಸರಪಟ್ಟು ಪಕ್ಕದ ಕೋಣೆಯ ಪಿಶಾಚಿಗಳನ್ನೂ ಎಬ್ಬಿಸಿಕೊಂಡು ಬಂದುಬಿಡುತ್ತಿದ್ದಳು. ಅಭ್ಯಾಸಕ್ಕೆಂದು ಗುರುತಿಲ್ಲದವರ ಜೊತೆ ಆಡಿದರೆ, ಆಟ ಮುಗಿಯುವ ಮೊದಲೇ ತಾಯಿ ತಂಗಿಯರನ್ನು ಎಳೆದು ತಂದು ಬೈಯುತ್ತಿದ್ದರು. ಒಂದು ಸಂಜೆ ರಾಮಕ್ಕ ಹಿಂದೆ ನಿಂತು ನೋಡಿ, ಆ ಮುದುಕನನ್ನೇ ಯಾಕೆ ಮುಂದೆ ಬಿಟ್ಟು ಹೊಡೆಸ್ತೀಯ, ಆ ಹುಡುಗರಿಗೆ ಕೈಕಾಲಿಲ್ಲವಾ ಎಂದು ಕೇಳಿದರು.

ಅವಳಿಗೆ ಕಲಿಸಿದವನು ದರ್ಶನ್. ತಂಡದ ಮುಖಂಡ, ಕೆಂಗೇರಿಯವನು. ಇದನ್ನು ಹೇಳಲೇಬೇಕು, ಅವನು ಒಳ್ಳೆಯ ಮೇಷ್ಟ್ರಾಗಿದ್ದ. ಒಂದು ದಿನವೂ ದನಿ ಏರಿಸಲಿಲ್ಲ. ರಾಕ್ಷಸನ ಮುಖ ಗೋಡೆಯ ಕಡೆ ತಿರುಗಿರಬೇಕು, ಅವನ ಬೆನ್ನು ನಮ್ಮ ಕಡೆ ಇರಬೇಕು ಎಂದು ತೋರಿಸಿಕೊಟ್ಟ. ದೊಡ್ಡ ಏಟು ಬರುವ ಮೊದಲು ಅವನ ಭುಜ ಹೇಗೆ ಏಳುತ್ತದೆ ನೋಡಿ ಎಂದ. ಗುರಾಣಿ ಎತ್ತುವುದು ಅದನ್ನು ನೋಡಿ, ಹೆದರಿಕೆಗಲ್ಲ. ಹೀಲರ್ ಕಣ್ಣಿಗೆ ಕಾಣುವಷ್ಟೇ ದೂರ ಹೋಗಬೇಕು. “ಅಣ್ಣ, ನೀವು ಅಲ್ಲಾಡದೆ ನಿಂತ್ರೆ ಸಾಕು, ಮಿಕ್ಕಿದ್ದು ನಾವು ನೋಡ್ಕೋತೀವಿ,” ಎನ್ನುತ್ತಿದ್ದ. ಒಂದೇ ಕೋಣೆಗೆ ಮತ್ತೆ ಮತ್ತೆ ಕರೆದುಕೊಂಡು ಹೋಗಿ ಅಭ್ಯಾಸ ಮಾಡಿಸಿದ. ಲ್ಯಾಬಿನಲ್ಲಿ ಅವಳಿಗೆ ಕೆಲಸ ಕಲಿಸಿದವರು ಕೂಡ ಅಷ್ಟು ತಾಳ್ಮೆ ತೋರಿಸಿರಲಿಲ್ಲ.

ಒಂದು ದಿನ ಅದು ಕೈಗೆ ಹತ್ತಿತು. ಸೇತುವೆಯ ಮೇಲೆ ನಿಂತ ಒಬ್ಬ ದೈತ್ಯ ಕೆಂಪಯ್ಯನ ಗುರಾಣಿಗೆ ಬಡಿಯುತ್ತಲೇ ಇದ್ದ. ಅವಳ ಬೆರಳು ಹಿಂದಕ್ಕೆ ಹೋಗಲಿಲ್ಲ. ಭುಜ ಏಳುವುದು ಕಂಡಿತು, ಗುರಾಣಿ ಎದ್ದಿತು. ದೈತ್ಯ ಬಿದ್ದಾಗ ಒಬ್ಬರೂ ಸತ್ತಿರಲಿಲ್ಲ. ಹುಡುಗರು ಕೇಕೆ ಹಾಕಿದರು. ಶಶಿಕಲಾಳ ಮೈಯೆಲ್ಲ ಬೆವೆತಿತ್ತು. ಅಷ್ಟು ಖುಷಿಯಾಗಿ ತುಂಬ ಕಾಲವಾಗಿತ್ತು.

ಆ ಗೆಲುವಿಗೆ ಬಹುಮಾನ ಎಂಬಂತೆ ದರ್ಶನ್ ಕೆಂಪಯ್ಯನನ್ನು ಫೋನಿನ ಇನ್ನೊಂದು ಚಾಟ್ ಗುಂಪಿಗೆ ಸೇರಿಸಿದ. ಅದರಲ್ಲಿ ಕವನಾ ಇರಲಿಲ್ಲ. ಗಂಡಸರದ್ದು ಮಾತ್ರ. ನೀವೂ ಈಗ ನಮ್ಮವರೇ ಅಣ್ಣ ಎಂದ.

ಮಾತು ಶುರುವಾದದ್ದು ಅಂದೇ. ಕವನಾ ಊಟಕ್ಕೆಂದು ಎದ್ದು ಹೋಗಿದ್ದಳು. ತಂಡದ ಚನ್ನವೀರೇಶ್ ಎಂಬವನು, ಎದುರಿಗೆ ಸಿಕ್ಕರೆ ಅಕ್ಕಾ ಎಂದು ತಲೆ ತಗ್ಗಿಸುವ ದನಿಯವನು, ಕವನಾಳ ಮೈಯನ್ನು ತುಂಡು ತುಂಡು ಮಾಡಿ ಒಂದೊಂದಕ್ಕೆ ಅಂಕ ಕೊಡತೊಡಗಿದ. ರೇವಂತ್ ಎಂಬ ಮೂರನೆಯವನು ಅವಳ ಡಿಪಿ ಫೋಟೋದಿಂದ ಮುಖವನ್ನು ಕತ್ತರಿಸಿ, ಬಟ್ಟೆಯಿಲ್ಲದ ಯಾರದ್ದೋ ದೇಹಕ್ಕೆ ಅಂಟಿಸಿ ಗುಂಪಿಗೆ ಹಾಕಿದ. ದರ್ಶನ್ ನಕ್ಕ. ಗುರಾಣಿ ಎತ್ತುವುದನ್ನು ಹೇಳಿಕೊಟ್ಟ ಅದೇ ನಿಧಾನದ ದನಿಯಲ್ಲಿ, ಅಣ್ಣಂಗೂ ಕಾಣ್ಸಿತಾ ನೋಡ್ರೋ ಎಂದ.

ಶಶಿಕಲಾ ಹೆಡ್‌ಫೋನ್ ತೆಗೆದಿಟ್ಟಳು. ಹೋಗಿ ಕೈ ತೊಳೆದಳು, ಮತ್ತೆ ತೊಳೆದಳು. ಕೈಗೆ ಏನೂ ಅಂಟಿರಲಿಲ್ಲ ಎನ್ನುವುದು ಗೊತ್ತಿದ್ದೂ ತೊಳೆದಳು.

ಮಾರನೆಯ ದಿನ ಮಧ್ಯಾಹ್ನ, ಲ್ಯಾಬಿನ ಹಿಂದಿನ ಕೋಣೆಯಲ್ಲಿ, ಅವರು ನಿನ್ನ ಬಗ್ಗೆ ಕೆಟ್ಟದಾಗಿ ಮಾತಾಡುತ್ತಾರೆ ಎಂದು ಕವನಾಗೆ ಹೇಳಿದಳು. ಫೋಟೋದ ಸಂಗತಿ ಮಾತ್ರ ಬಾಯಿಂದ ಹೊರಡಲಿಲ್ಲ. ಕವನಾ ಡಬ್ಬಿಯ ಚಿತ್ರಾನ್ನ ಕಲಸುತ್ತಲೇ ಇದ್ದಳು. “ಗೊತ್ತು ಅಕ್ಕ. ಎಲ್ಲಾ ಕಡೆ ಹಂಗೇ. ಈ ಟೀಮ್ ಬಿಟ್ರೆ ಇನ್ನೊಂದು ಟೀಮು, ಅಲ್ಲೂ ಇವರೇ ಇರ್ತಾರೆ, ಹೆಸರು ಬೇರೆ ಅಷ್ಟೇ,” ಎಂದಳು. ಅವಳ ದನಿಯಲ್ಲಿ ಸಿಟ್ಟಾಗಲಿ ನೋವಾಗಲಿ ಇರಲಿಲ್ಲ. ಒಂದು ಹುಡುಗಿ ಇದನ್ನು ಬಿಸಿಲು ಧೂಳಿನ ಹಾಗೆ ಸಹಿಸಿಕೊಂಡಿದ್ದಾಳಲ್ಲ ಎಂದು ಶಶಿಕಲಾಗೆ ಇನ್ನಷ್ಟು ಅಸಹ್ಯವಾಯಿತು.

ಆದರೂ ಅವಳು ಆಡುವುದನ್ನು ಬಿಡಲಿಲ್ಲ. ಆ ವಾರವೆಲ್ಲ ಆಡಿದಳು. ತಂಡ ಒಬ್ಬ ಹೊಸ ರಾಕ್ಷಸನ ಹಿಂದೆ ಬಿದ್ದಿತ್ತು. ಕೆಸರಿನ ಗುಡ್ಡದಂಥವನು, ಬಾಯಿ ತೆರೆದರೆ ಹಸಿರು ಕಕ್ಕುತ್ತಿದ್ದ. ಹುಡುಗರು ಅವನಿಗೆ ವಾಂತಿ ಮಾಮ ಎಂದು ಹೆಸರಿಟ್ಟಿದ್ದರು. ಅವನನ್ನು ಕೊಂದ ಮೇಲೆ ಬಿಡೋಣ ಎಂದುಕೊಂಡಳು. ದಿನಾ ಸಂಜೆ ಆ ಹುಡುಗರ ಮುಂದೆ ನಿಂತು ಅವರಿಗೆ ಬೀಳಬೇಕಾದ ಏಟು ತಿಂದಳು. ಕವನಾ ಎದ್ದು ಹೋದಾಗಲೆಲ್ಲ ಅವರ ಬಾಯಿಂದ ಬರುತ್ತಿದ್ದದ್ದನ್ನೂ ಕೇಳಿಸಿಕೊಂಡಳು. ಕನ್ನಡಿ ಮುಂದೆ ತಲೆ ಬಾಚುವಾಗ ತನ್ನ ಮುಖವೇ ಸೇರುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ವಾಂತಿ ಮಾಮನ ಮೇಲೆ ಬಿದ್ದರು. ಆಟ ಚೆನ್ನಾಗಿಯೇ ಸಾಗುತ್ತಿತ್ತು. ರಾಕ್ಷಸನ ಪ್ರಾಣ ಮುಕ್ಕಾಲು ಇಳಿದಿತ್ತು. ಆಗ ರೇವಂತ್ ಜೇನು ಸುರಿಸುವ ದನಿಯಲ್ಲಿ, ಕವನಾ, ನೀನಿಲ್ದಿದ್ರೆ ನಾವೆಲ್ಲಾ ಯಾವತ್ತೋ ಸತ್ತುಹೋಗ್ತಿದ್ವಿ ಕಣೇ ಎಂದ. ಕವನಾ ನಕ್ಕಳು.

ಆ ನಗು ಕೇಳಿ ಶಶಿಕಲಾಗೆ ತಡೆಯಲಾಗಲಿಲ್ಲ. ಮೊದಲ ಸಲ ಮೈಕ್ ಹಾಕಿದಳು.

“ನಾನು ಶಶಿಕಲಾ ಅಂತ. ಕೆಂಪಯ್ಯ ನಮ್ಮ ತಾತನ ಹೆಸರು. ನಿಮ್ಮ ಗಂಡಸರ ಗುಂಪಿನಲ್ಲಿ ಕೂತು ವಾರದಿಂದ ಎಲ್ಲಾ ಕೇಳಿಸ್ಕೊಂಡಿದೀನಿ. ರೇವಂತ್, ಕವನಾ ಮುಖ ಅಂಟಿಸಿ ಮಾಡಿದ್ಯಲ್ಲ ಆ ಫೋಟೋ, ಅದನ್ನ ಅವಳಿಗೂ ತೋರ್ಸು ಈಗ.”

ಯಾವ ಫೋಟೋ ಎಂದು ಕವನಾ ಸಣ್ಣಗೆ ಕೇಳಿದಳು. ಒಂದು ಕ್ಷಣದಲ್ಲಿ ಅವಳ ಹೆಸರು ಪರದೆಯಿಂದ ಮಾಯವಾಯಿತು. ಶಶಿಕಲಾ ಕೀಲಿಗಳಿಂದ ಕೈ ತೆಗೆದಿದ್ದಳು. ಕೆಂಪಯ್ಯ ಬಿದ್ದ. ರಾಕ್ಷಸ ತಿರುಗಿ ಮಿಕ್ಕ ಮೂವರನ್ನೂ ಮುಗಿಸಿದ.

ಮೊದಲು ಮಾತಾಡಿದವನು ದರ್ಶನ್. “ಸಾರಿ ಆಂಟಿ. ನೀವು ಲೇಡೀಸ್ ಅಂತ ಗೊತ್ತಿದ್ರೆ ನಿಮ್ಮ ಮುಂದೆ ಹಂಗೆಲ್ಲಾ ಮಾತಾಡ್ತಾನೇ ಇರ್ಲಿಲ್ಲ.” ಆಮೇಲೆ, “ಬೇಜಾರ್ ಮಾಡ್ಕೋಬೇಡಿ. ಇನ್ನೊಂದು ಸಲ ಟ್ರೈ ಮಾಡಣ್ವಾ? ಹೀಲರ್ ಯಾರನ್ನಾದ್ರೂ ಕರ್ಕೋತೀನಿ,” ಎಂದ.

ಶಶಿಕಲಾ ಕಂಪ್ಯೂಟರಿನ ವೈರನ್ನೇ ಕಿತ್ತಳು. ಅವನು ಕ್ಷಮೆ ಕೇಳಿದ್ದು ಆಡಿದ ಮಾತಿಗಲ್ಲ, ಆಂಟಿಯ ಕಿವಿಗೆ ಬಿತ್ತಲ್ಲ ಎಂಬುದಕ್ಕೆ. ಆ ಮರ್ಯಾದೆ ಅವಳಿಗೆ ಬೈಗುಳಕ್ಕಿಂತ ಕೊಳಕಾಗಿ ಕಂಡಿತು.

ರಾಮಕ್ಕ ಟಿವಿ ಸದ್ದು ತಗ್ಗಿಸಿ, ಏನಾಯ್ತು, ಮುಖ ಯಾಕೆ ಹಂಗಿದೆ ಎಂದರು. ಶಶಿಕಲಾ ಒಂದೂ ಬಿಡದೆ ಹೇಳಿದಳು. ಹೇಳುವಾಗ ತಾನು ದೊಡ್ಡದೇನೋ ಮಾಡಿದೆ ಎಂಬ ಭಾವ ಇನ್ನೂ ಸ್ವಲ್ಪ ಉಳಿದಿತ್ತು. ರಾಮಕ್ಕ ಎಲ್ಲ ಕೇಳಿ, “ಆ ಹುಡುಗಿ ಈಗ ಹೆಂಗಿದಾಳೆ?” ಎಂದರು.

ಶಶಿಕಲಾ ಸ್ಕೂಟರ್ ತೆಗೆದುಕೊಂಡು ವಿಜಯನಗರಕ್ಕೆ ಹೋದಳು. ಕವನಾ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. ಕಣ್ಣು ಊದಿತ್ತು.

“ನನಗೊಬ್ಬಳಿಗೇ ಹೇಳ್ಬೇಕಿತ್ತು ನೀವು. ಅವರೆಲ್ಲರ ಮುಂದೆ, ಆಟದ ಮಧ್ಯದಲ್ಲಿ, ಯಾಕಕ್ಕ?”

“ತಪ್ಪಾಯ್ತು ಕಣೇ,” ಎಂದಳು ಶಶಿಕಲಾ. ಕವನಾ ಫೋಟೋ ಕೇಳಿದಳು. ಅದು ಶಶಿಕಲಾಳ ಫೋನಿನಲ್ಲಿತ್ತು. ಕವನಾ ನೋಡಿದಳು, ಫೋನ್ ವಾಪಸು ಕೊಟ್ಟಳು, ಚಪ್ಪಲಿ ಮೆಟ್ಟಿದಳು. ರೇವಂತನ ಮನೆ ಅವಳಿಗೆ ಗೊತ್ತಿತ್ತು, ಅಲ್ಲಿಂದ ದೂರವಿರಲಿಲ್ಲ.

ಬಾಗಿಲು ತೆಗೆದವರು ಅವನ ತಾಯಿ ವಿಮಲಮ್ಮ. ಮಗ ಮಲಗಿದ್ದಾನೆ ಎಂದರು. ಕೂರಿಸಿ, ಬೇಡವೆಂದರೂ ಕಾಫಿ ಕೊಟ್ಟರು. ಶಶಿಕಲಾ ಫೋನ್ ಮುಂದೆ ಹಿಡಿದಳು. ವಿಮಲಮ್ಮ ಒಮ್ಮೆ ನೋಡಿ ಮುಖ ತಿರುಗಿಸಿದರು. ಹುಡುಗಬುದ್ಧಿ, ತಮಾಷೆಗೆ ಮಾಡಿರುತ್ತಾನೆ ಎಂದರು. ಆಮೇಲೆ ಕವನಾಳ ಕಡೆ ನೋಡಿ, “ನೀನ್ಯಾಕಮ್ಮ ಫೋಟೋ ಎಲ್ಲಾ ಹಾಕ್ಕೋತೀಯ? ಹಾಕಿದ್ರಿಂದ ತಾನೇ ಇದೆಲ್ಲಾ,” ಎಂದರು. ದನಿ ಬಹಳ ಮೃದುವಾಗಿತ್ತು. ಶಶಿಕಲಾ ಆಗಷ್ಟೇ ತುಟಿಗಿಟ್ಟಿದ್ದ ಕಾಫಿಯನ್ನು ನುಂಗಲಾರದೆ ಲೋಟಕ್ಕೇ ಉಗಿದಳು. ಅಷ್ಟು ದೊಡ್ಡವಳಾಗಿ ಬೇರೆಯವರ ಮನೆಯಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ಕವನಾ ಎದ್ದು ನಿಂತಳು. ಮಗನನ್ನು ಎಬ್ಬಿಸಿ, ಇಲ್ಲವಾದರೆ ನಾನು ಇಲ್ಲಿಂದ ನೇರ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ ಎಂದಳು. ರೇವಂತ್ ಒಳಗಿನಿಂದ ಬಂದ. ಸಣ್ಣಗಿದ್ದ, ಕನ್ನಡಕ ಹಾಕಿಕೊಂಡಿದ್ದ, ಕಾಲೇಜು ಮುಗಿಸಿದವನಂತೆಯೂ ಕಾಣುತ್ತಿರಲಿಲ್ಲ. ಫೋಟೋವನ್ನು ಅವರ ಮುಂದೆಯೇ ಅಳಿಸಿದ. ದರ್ಶನನಿಗೂ ಚನ್ನವೀರೇಶನಿಗೂ ಫೋನ್ ಮಾಡಿಸಿ ಅವರ ಕೈಯಲ್ಲೂ ಅಳಿಸಿದೆವು ಎಂದು ಹೇಳಿಸಿದಳು ಕವನಾ. ನಿಜವಾಗಿ ಅಳಿಸಿದರೋ ಇಲ್ಲವೋ, ಅದನ್ನು ತಿಳಿಯುವ ದಾರಿ ಇಬ್ಬರಿಗೂ ಇರಲಿಲ್ಲ.

ಕವನಾ ಆ ಆಟವನ್ನು ಮತ್ತೆ ಆಡಲಿಲ್ಲ. ಕೆಲವು ವಾರ ಲ್ಯಾಬಿನಲ್ಲಿ ಶಶಿಕಲಾಳ ಜೊತೆ ಬಿಲ್ಲು, ರಿಪೋರ್ಟಿನ ಮಾತು ಬಿಟ್ಟರೆ ಬೇರೇನೂ ಆಡುತ್ತಿರಲಿಲ್ಲ. ಊಟದ ಹೊತ್ತಿಗೆ ಹೊರಗೆ ಹೋಗುತ್ತಿದ್ದಳು. ಒಂದು ದಿನ ತಾನಾಗಿ ಬಂದು ಎದುರಿಗೆ ಕೂತು, ನಂಚಿಕೊಳ್ಳಲು ಉಪ್ಪಿನಕಾಯಿ ಇದೆಯಾ ಅಕ್ಕ ಎಂದಳು. ಶಶಿಕಲಾ ಡಬ್ಬಿಯನ್ನು ಅವಳ ಕಡೆ ತಳ್ಳಿದಳು.

ದರ್ಶನ್ ಶಶಿಕಲಾಗೆ ಎರಡು ಮೂರು ಸಲ ಮೆಸೇಜ್ ಮಾಡಿದ. ಒಳ್ಳೆ ಟ್ಯಾಂಕ್ ಸಿಗುತ್ತಿಲ್ಲ, ಎಲ್ಲರ ಬಾಯಿಗೂ ಬೀಗ ಹಾಕಿಸ್ತೀನಿ ಆಂಟಿ, ಬನ್ನಿ ಎಂದು. ಕವನಾಳ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಅವನನ್ನು ಬ್ಲಾಕ್ ಮಾಡಿದಳು.

ಶಶಿಕಲಾ ಮಾತ್ರ ಆಡುತ್ತಾಳೆ. ಕಲಿತದ್ದನ್ನು ಆ ಹುಡುಗರಿಗೋಸ್ಕರ ಯಾಕೆ ಬಿಡಬೇಕು ಎಂಬುದು ಅವಳ ಲೆಕ್ಕ. ಗುರುತಿಲ್ಲದವರ ತಂಡಕ್ಕೆ ಸೇರಿದ ಕೂಡಲೇ ಮೈಕ್ ಹಾಕಿ, ನಾನು ಶಶಿಕಲಾ, ಟ್ಯಾಂಕ್ ಎನ್ನುತ್ತಾಳೆ. ಹೆಂಗಸಿನ ದನಿ ಕೇಳಿ ಕೆಲವರು ಎದ್ದು ಹೋಗುತ್ತಾರೆ, ಕೆಲವರು ಹಲ್ಲು ಕಿರಿಯುತ್ತಾರೆ, ಕೆಲವರು ಸುಮ್ಮನೆ ಆಡುತ್ತಾರೆ. ಹಲ್ಲು ಕಿರಿಯುವವರು ಸಿಕ್ಕ ದಿನ ಗುರಾಣಿ ಇಳಿಸಿ ಹೊರಟುಬರುತ್ತಾಳೆ, ರಾಕ್ಷಸ ಎದುರಿಗಿದ್ದರೂ ಸರಿ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು, ಬೇರೆ ತಂಡ ಹುಡುಕುತ್ತಾಳೆ.