ಮೇಡಮ್ಮ ಹಿಂದಕ್ಕೆ ಹಾಕಿದ ಮೂರು ಹಿಡಿ ಅಕ್ಕಿ

ಹೋದ ವಾರ ನಮ್ಮ ಫ್ಯಾಕ್ಟರಿಯ ಹಳೇ ಮಿಷನ್ನುಗಳನ್ನು ಬಿಚ್ಚಿದರು. ಹೊಲಿಗೆ ದಾರವನ್ನು ಚಿಕ್ಕ ಉರುಳೆಗಳಿಗೆ ಸುತ್ತುವ ಮಿಷನ್ನುಗಳು ಅವು. ಹಾರೋಹಳ್ಳಿಗೆ ಬಂದ ದಿನದಿಂದ ನನ್ನ ಕೈಯಲ್ಲೇ ಓಡಿದವು. ತಳದ ನಟ್ಟು ಸಡಿಲ ಮಾಡಿದ್ದೇ ತಡ, ಒಳಗೆ ಎಷ್ಟೋ ವರ್ಷದಿಂದ ಕೂತಿದ್ದ ಗ್ರೀಸಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. "ಅಯ್ಯೋ ಮೇಡಮ್ಮ" ಅಂತ ಬಾಯಿಂದ ಬಂದೇಬಿಟ್ಟಿತು. ಪಕ್ಕದಲ್ಲಿದ್ದ ಹುಡುಗಿ, "ಯಾವ ಮೇಡಮ್ಮ ಅಕ್ಕಾ?" ಅಂದಳು. ಹೇಳೋಕೆ ಹೋದರೆ ದಿನ ಸಾಲದು.

ಆಗಿನ್ನೂ ಹಾರೋಹಳ್ಳಿ ಸುತ್ತ ಒಂದೊಂದೇ ಫ್ಯಾಕ್ಟರಿ ಏಳುತ್ತಿದ್ದ ಕಾಲ. ನಾನು ಪಿಯುಸಿ ಮುಗಿಸಿ ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚಿಕೊಂಡು ಕೂತಿದ್ದೆ. ಇಂಗ್ಲೆಂಡಿನಲ್ಲಿ ಯಾವುದೋ ದಾರದ ಫ್ಯಾಕ್ಟರಿ ಮುಚ್ಚಿತಂತೆ, ಅಲ್ಲಿನ ಮಿಷನ್ನುಗಳು ಮರದ ಪೆಟ್ಟಿಗೆಯಲ್ಲಿ ನಮ್ಮೂರ ದಾರಿ ಹಿಡಿದವು. ಅವುಗಳ ಹಿಂದೆಯೇ, ನಮಗೆ ಕೆಲಸ ಕಲಿಸೋಕೆ ಅಂತ ಆರು ತಿಂಗಳಿಗೆ ಬಂದವರು ಮೇಡಮ್ಮ. ನಲವತ್ತರ ಆಸುಪಾಸಿನ ಹೆಂಗಸು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅವರ ಹೆಸರು ನಮ್ಮ ಯಾರ ನಾಲಿಗೆಗೂ ಹೊರಳಲಿಲ್ಲ. ಮೇಡಂ ಅನ್ನೋದಕ್ಕೆ ಒಂದು ಅಮ್ಮ ಸೇರಿಸಿ ಕರೆದೆವು, ಅವರೂ ಓಗೊಟ್ಟರು.

ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು. ಒಂದು ಕಡೆ ಕೂತಿದ್ದು ನಾನು ಕಾಣೆ. ಟೀ ಕುಡಿಯೋದು ನಡೆದಾಡುತ್ತಾ, ಊಟ ಮಾಡೋದು ಕಿಟಕಿ ಹತ್ತಿರ ನಿಂತುಕೊಂಡು. ನಮ್ಮಿಂದ ಕಲಿತ ಕನ್ನಡ ನಾಲ್ಕೇ ಮಾತು. ದಾರ ಸಿಕ್ಕಾದರೆ ಮಿಷನ್ನಿಗೇ "ಬುಡು, ಬುಡು" ಅಂತ ಗದರುತ್ತಿದ್ದರು, ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆದರೆ ಮೂರನೇ ನಂಬರಿನ ಮಿಷನ್ನನ್ನು ಮಾತ್ರ ಗದರುತ್ತಿರಲಿಲ್ಲ, ಅದರ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಅದು ಅವರಮ್ಮ ಇಪ್ಪತ್ತು ವರ್ಷ ಓಡಿಸಿದ ಮಿಷನ್ನು, ಆಮೇಲೆ ಇವರು ಓಡಿಸಿದ್ದು. ಈಗ ನನ್ನ ಪಾಲಿಗೆ ಬಂದಿತ್ತು. ಅದನ್ನು ತಿಳಿದ ದಿನ, ಯಾರದೋ ತಟ್ಟೆಯ ಅನ್ನ ನಾನು ಉಣ್ಣುತ್ತಿದ್ದೀನೇನೋ ಅನ್ನಿಸಿತು.

ತಮ್ಮ ಊರಲ್ಲಿ ಕೆಲಸ ಇಲ್ಲ ಅಂತ ಮೇಡಮ್ಮ, ಅವರ ಗಂಡ ಇಬ್ಬರೂ ನ್ಯೂಜಿಲೆಂಡಿಗೆ ಹೋಗಿ ನೆಲೆಸೋದು ಅಂತ ಮಾಡಿದ್ದರು. ಗಂಡ ಆಗಲೇ ಹೋಗಿ ಮನೆ ಹಿಡಿದಿದ್ದ. ಇಲ್ಲಿಯ ಕೆಲಸ ಮುಗಿಸಿ ಇವರು ಸೇರಿಕೊಳ್ಳಬೇಕು. ಅಡ್ಡ ನಿಂತಿದ್ದು ಮೇಡಮ್ಮನ ಅಮ್ಮ ಒಬ್ಬರೇ. ಮಿಷನ್ನೂ ಹೋಯಿತು, ಮಗಳೂ ಹೋಗುತ್ತಾಳೆ ಅಂತ ಆ ಮುದುಕಿಗೆ ಸಿಟ್ಟು. "ಹೋಗೋದಾದ್ರೆ ಹೋಗು, ನನಗೆ ಹೇಳಿ ಹೋಗೋಕೆ ಬರಬೇಡ" ಅಂದುಬಿಟ್ಟಿದ್ದರಂತೆ.

ಭಾನುವಾರ ಬಂದರೆ ಬಸ್‌ಸ್ಟ್ಯಾಂಡ್ ಹತ್ತಿರದ ಎಸ್‌ಟಿಡಿ ಬೂತಿಗೆ ಮೇಡಮ್ಮ, ನಾನು ಇಬ್ಬರೂ ಹೋಗುತ್ತಿದ್ದೆವು. ಆ ಕಡೆ ಫೋನ್ ಎತ್ತುತ್ತಿದ್ದವಳು ಮೇಡಮ್ಮನ ತಂಗಿ. ಅಮ್ಮ ತೋಟದಲ್ಲಿದ್ದಾಳೆ, ಅಮ್ಮ ಮಲಗಿದ್ದಾಳೆ, ಅಮ್ಮ ಅಂಗಡಿಗೆ ಹೋದಳು... ವಾರಕ್ಕೊಂದು ನೆಪ. ಗಾಜಿನ ಬಾಗಿಲಿನಾಚೆ ಮೇಡಮ್ಮ ಫೋನಿನ ವಯರನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ಹೊರಗೆ ಬಂದವರೇ ಕನಕಪುರ ರಸ್ತೆಯಲ್ಲಿ ಬಿರಬಿರನೆ ನಡೆದುಬಿಡೋರು, ಎಲ್ಲಿಗೆ ಅಂತ ಅವರಿಗೂ ಗೊತ್ತಿಲ್ಲ. ನಾನು ಚಪ್ಪಲಿ ಪಟಪಟ ಬಡಿಸಿಕೊಂಡು ಹಿಂದೆ ಓಡಬೇಕು. "ಒಂದೇ ಮಾತು ಸಾಕು. ಹೋಗು ಅಂತ ಬಾಯಿತುಂಬ ಅಂದರೆ ಸಾಕು" ಅಂತ ಒಂದು ಸಲ ಇಂಗ್ಲೀಷಿನಲ್ಲಿ ಅಂದರು. ನಾನು ಅವರ ಕೈ ಹಿಡಿದು ಬಸ್‌ಸ್ಟ್ಯಾಂಡ್ ಕಡೆ ತಿರುಗಿಸಿದೆ.

ಹೊರಡೋಕೆ ಮುಂಚಿನ ಭಾನುವಾರವೂ ಅಮ್ಮ ಫೋನಿಗೆ ಬರಲಿಲ್ಲ. ಪಕ್ಕದಲ್ಲೇ ನಿಂತು ಬೇಡ ಅಂತ ತಲೆ ಆಡಿಸುತ್ತಿದ್ದಾಳೆ ಅಂತ ತಂಗಿಯೇ ಹೇಳಿದಳಂತೆ. ಮೇಡಮ್ಮ ಇಂಗ್ಲೆಂಡಿಗೆ ಹೋಗೋದನ್ನೇ ಬಿಟ್ಟು ಬೆಂಗಳೂರಿನಿಂದಲೇ ನ್ಯೂಜಿಲೆಂಡಿಗೆ ಟಿಕೆಟ್ ಮಾಡಿಸಿದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಹುಳದ ತಟ್ಟೆ ತೊಳೀತಿದ್ದಳು.

"ಆ ಊರಲ್ಲೂ ಇಂಗ್ಲೀಷೇ ಮಾತಾಡೋದಾ?"

"ಊಂ ಕಣವ್ವ."

"ಅದೇ ಮಾತು, ಅದೇ ಜನ. ಮತ್ಯಾಕೆ ಅಷ್ಟು ದೂರ ಹೋಗಿ ಸಾಯ್ಬೇಕು?" ಅಂದವಳು ತಟ್ಟೆಯನ್ನು ಗೋಡೆಗೆ ಒರಗಿಸಿ, "ಹೆತ್ತೋಳಿಗೆ ಕ್ವಾಪ ಐತೆ ಅಂತ ಹೆಣ್ಮಗಳು ಬರೀ ಮಡ್ಲಲ್ಲಿ ಹೋಗ್ಬೇಕಾ? ಕರ್ಕಂಬಾ ಮನೆಗೆ" ಅಂದಳು.

ಮಾರನೇ ದಿನವೇ ಕರೆದುಕೊಂಡು ಬಂದೆ. ಪ್ಯಾಂಟು ಹಾಕಿದವರಿಗೆ ಮಡಿಲೆಲ್ಲಿಂದ ತರೋದು? ಅವ್ವ ತನ್ನ ಮದುವೆಯ ಸೀರೆ ಉಡಿಸಿದಳು. ಆ ಎತ್ತರಕ್ಕೆ ಅದು ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ ಬಂದು ನಿಂತಿತು, ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ. ಅವ್ವ ಅವರ ಭುಜ ಒತ್ತಿ ಮಣೆಯ ಮೇಲೆ ಕೂರಿಸಿದಳು. ಆವತ್ತು ಮೇಡಮ್ಮ ಕೂತರು. ಕಾಲು ಕುಣಿಸದೆ, ಆಚೆ ಈಚೆ ನೋಡದೆ ಕೂತರು. ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಅರಿಶಿನದ ಕೊಂಬು, ಎಲೆ ಅಡಿಕೆ, ಬಳೆ, ರವಿಕೆ ಕಣ ಒಂದೊಂದೇ ಬಿದ್ದವು. ಆಮೇಲೆ ಅವ್ವ ಅಕ್ಕಿ ತುಂಬಿಡೋ ಮಣ್ಣಿನ ಗುಡಾಣವನ್ನು ಮುಂದಕ್ಕೆ ಎಳೆದು, "ಈಗ ಮಡ್ಲಿಂದ ಮೂರು ಹಿಡಿ ಇದಕ್ಕೆ ಹಿಂದಕ್ಕೆ ಹಾಕವ್ವ. ನೀನು ಹೋದ್ರೂ ತವರಲ್ಲಿ ನಿನ್ನ ಪಾಲು ಇರ್ಬೇಕು" ಅಂದಳು. ನಾನು ಇಂಗ್ಲೀಷಿಗೆ ತಿರುಗಿಸಿದೆ. ಮೇಡಮ್ಮ ಒಂದು ಹಿಡಿ ಹಾಕಿದರು, ಎರಡು ಹಾಕಿದರು. ಮೂರನೆಯದಕ್ಕೆ ಕೈ ಗುಡಾಣದ ಅಂಚಿಗೆ ತಾಗಿ ಅಕ್ಕಿ ನೆಲಕ್ಕೆ ಚೆಲ್ಲಿತು. ಅವ್ವ ಬಗ್ಗಿ ಒಂದೊಂದು ಕಾಳನ್ನೂ ಹೆಕ್ಕಿ ಅವರ ಅಂಗೈಗೇ ಕೊಟ್ಟು ಹಾಕಿಸಿದಳು. "ಹೊಸ ಮನೇಲಿ ಮೊದಲ ಅನ್ನ ಈ ಮಡ್ಲಕ್ಕಿದೇ ಮಾಡು. ದಾರೀಲಿ ಯಾರಿಗೂ ಕೊಡಬ್ಯಾಡ, ಎಲ್ಲೂ ಬುಟ್ಟುಬುಡಬ್ಯಾಡ" ಅಂದಳು.

ನನ್ನ ತಪ್ಪು ಶುರುವಾದದ್ದು ಅಲ್ಲಿಂದ. ಬಸ್ಸಿಗೆ ಕಾಯುವಾಗ ಮೇಡಮ್ಮ ಮೆಲ್ಲಗೆ ಕೇಳಿದರು. ನ್ಯೂಜಿಲೆಂಡಿನಲ್ಲಿ ಕಾಳು ಕಡ್ಡಿ ಸುಮ್ಮನೆ ಒಳಗೆ ಬಿಡೋದಿಲ್ಲ, ತಂದಿದ್ದರೆ ಮುಂಚೆಯೇ ಏರ್‌ಪೋರ್ಟಿನಲ್ಲಿ ಬರೆದುಕೊಡಬೇಕಂತೆ, ಹೇಗೆ ಮಾಡಲಿ ಅಂತ. ನಾನು ದೊಡ್ಡ ತಿಳಿದವಳ ಹಾಗೆ, "ಯಾರ್ ನೋಡ್ತಾರೆ ಬುಡಿ ಮೇಡಮ್ಮ! ಬಟ್ಟೆ ಮಧ್ಯ ಸುತ್ತಿ ಇಟ್ಕಳಿ, ಬಾಯಿ ಬುಡಬ್ಯಾಡಿ" ಅಂದೆ. ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಳ್ಳದೆ ಇಲ್ಲೇ ಇರೋ ಸಾತನೂರಿಗೂ ಹೋಗದ ಜನ ನಾವು. ಏರ್‌ಪೋರ್ಟ್ ಅನ್ನೋದನ್ನೇ ನೋಡದವಳು ನಾನು, ಬುದ್ಧಿ ಹೇಳಿದ್ದು ನೋಡಿ!

ಎರಡು ತಿಂಗಳಿಗೆ ಮೇಡಮ್ಮನ ಕಾಗದ ಬಂತು. ಅಲ್ಲಿಯ ಏರ್‌ಪೋರ್ಟಿನಲ್ಲಿ ಚೀಲ ಬಿಚ್ಚಿಸಿ ಎಲ್ಲ ಕಸಿದುಕೊಂಡು ದಂಡ ಹಾಕಿದರಂತೆ. ಅಕ್ಕಿ, ಕಾಯಿ, ಅರಿಶಿನ ಎಲ್ಲ ಅವರ ಕಣ್ಣೆದುರೇ ಕಸದ ಡಬ್ಬಕ್ಕೆ. ಬಳೆ, ರವಿಕೆ ಕಣ ಎರಡೇ ಉಳಿದವಂತೆ. ಇದನ್ನು ಯಾರು ಕೊಟ್ಟರು ಅಂತ ಆ ಅಧಿಕಾರಿ ಕೇಳಿದಾಗ "ನಮ್ಮಮ್ಮ" ಅಂದರಂತೆ. ಕೊನೆಗೆ ಹೀಗೆ ಬರೆದಿದ್ದರು: "ನಾನು ಬರೀ ಮಡಿಲಲ್ಲೇ ಬಂದ ಹಾಗಾಯಿತು. ನಿಮ್ಮಮ್ಮನನ್ನು ಕೇಳು, ಈಗ ಏನು ಮಾಡಬೇಕು? ನೀನು ಬರೆಯುವವರೆಗೂ ನನಗೆ ಈ ಮನೆ ನನ್ನದು ಅನ್ನಿಸುವುದಿಲ್ಲ."

ಅವ್ವ ನನ್ನನ್ನು ಬೈಯಬಹುದು ಅಂದುಕೊಂಡಿದ್ದೆ. ಬೈದಳು ಕೂಡ, ಚೆನ್ನಾಗಿಯೇ. ಆಮೇಲೆ ಗುಡಾಣದ ಮುಚ್ಚಳ ತೆಗೆದು ತೋರಿಸಿದಳು. "ಕಿತ್ಕಂಡೋರು ಕಿತ್ಕಳ್ಳಲಿ. ಅವಳು ಹಾಕಿದ ಮೂರು ಹಿಡಿ ಇಲ್ಲೇ ಐತಲ್ಲ. ತವರಲ್ಲಿ ಪಾಲಿರೋಳ ಮಡ್ಲು ಬರಿದಾಗಲ್ಲ ಅಂತ ಬರಿ. ಇವತ್ತೇ ಬರಿ." ನಮ್ಮ ಮನೆಯ ಗುಡಾಣದ ತಳ ಯಾರೂ ಕಂಡವರಿಲ್ಲ. ಕಾಲು ಭಾಗಕ್ಕೆ ಇಳಿಯುತ್ತಿದ್ದ ಹಾಗೆ ಹಳೇ ಅಕ್ಕಿಯ ಮೇಲೆಯೇ ಹೊಸದು ಸುರಿಯೋದು ಅವ್ವನ ಪದ್ಧತಿ.

ಇವತ್ತೇ ಬರಿ ಅಂದಳು. ನಾನು ಬರೆಯಲಿಲ್ಲ... ಓವರ್‌ಟೈಮ್ ಅಂದೆ, ಮದುವೆ ಗೊತ್ತಾಯಿತು ಅಂದೆ, ಇಂಗ್ಲೀಷು ಬರೋಲ್ಲ ಅಂದೆ. ನಿಜ ಅಂದರೆ ನಾಚಿಕೆ. ಆ ಬುದ್ಧಿ ಹೇಳಿದ ಬಾಯಲ್ಲೇ ಏನಂತ ಶುರು ಮಾಡಲಿ? ಅಂತೂ ಬರೆಯುವಷ್ಟರಲ್ಲಿ ವರ್ಷ ಹತ್ತಿರವಾಯಿತು. ಬರೆದ ಕಾಗದ ಒಡೆಯದೆ ವಾಪಸ್ ಬಂತು, ಈ ವಿಳಾಸದಲ್ಲಿ ಇಲ್ಲ ಅಂತ ಮೇಲೆ ಮುದ್ರೆ ಒತ್ತಿಸಿಕೊಂಡು. ಆ ಮನೆಯಿಂದಲೂ ಎದ್ದು ಹೋಗಿದ್ದರು. ಎಲ್ಲಿಗೆ ಅಂತ ಫ್ಯಾಕ್ಟರಿಯಲ್ಲೂ ಯಾರಿಗೂ ಗೊತ್ತಿರಲಿಲ್ಲ. ಅವ್ವ ಸಾಯೋವರೆಗೂ "ಮೇಡಮ್ಮನಿಗೆ ಕಾಗದ ತಲುಪ್ತಾ?" ಅಂತ ಕೇಳೋಳು. ತಲುಪಿತು ಅಂತ ಸುಳ್ಳು ಹೇಳಿದೆ.

ಈಗ ಅದೇ ಮಿಷನ್ನುಗಳು ಲಾರಿ ಹತ್ತಿವೆ, ಬೇರೆ ರಾಜ್ಯಕ್ಕೆ. ಅಲ್ಲಿನ ಹುಡುಗಿಯರಿಗೆ ಕೆಲಸ ಕಲಿಸೋಕೆ ಆರು ತಿಂಗಳು ನಾನೂ ಹೋಗಬೇಕಂತೆ. ಆಮೇಲೆ ನನಗೂ ಕೆಲಸ ಇಲ್ಲ. ಎರಡು ದಿನದಿಂದ ನಾನೂ ಟೀ ನಿಂತುಕೊಂಡೇ ಕುಡಿಯುತ್ತಿದ್ದೀನಿ.

ನಿನ್ನೆ ತವರಿಗೆ ಹೋಗಿದ್ದೆ. ಅವ್ವನ ಜಾಗದಲ್ಲಿ ತಮ್ಮನ ಹೆಂಡತಿ ನಿಂತು ಮಡಿಲು ತುಂಬಿದಳು. ಮೂರು ಹಿಡಿ ಹಿಂದಕ್ಕೆ ಹಾಕಿದೆ. ಮೂರನೆಯದು ಹಾಕಿದ ಮೇಲೂ ಗುಡಾಣದೊಳಗೆ ಮೊಣಕೈವರೆಗೂ ಕೈ ಇಳಿಸಿ ನಿಂತೇ ಇದ್ದೆ.

"ಏನ್ ಹುಡುಕ್ತಿದ್ದೀರಿ ಅತ್ತಿಗೆಮ್ಮ? ಆಯ್ತಲ್ಲ ಮೂರು" ಅಂದಳು ಅವಳು.

ಕೆಳಗೆ ತಣ್ಣಗಿತ್ತು ಅಕ್ಕಿ. ಇದರಲ್ಲಿ ಎಲ್ಲೋ ಅವರ ಪಾಲು ಇದೆ. ಇದೆ ಅಂತ ಅವರಿಗೆ ಮಾತ್ರ ಗೊತ್ತಿಲ್ಲ.