ನೊರೆ ಬಾರದ ನೀರು

ಸೋಪಿನಲ್ಲಿ ನೊರೆ ಬರದಿದ್ದರೆ ನನಗೆ ಸ್ನಾನ ಮಾಡಿದಂತೆ ಅನಿಸುವುದಿಲ್ಲ. ಚಪಲ ಅನ್ನಿ, ರೋಗ ಅನ್ನಿ. ಹಿರೇಕೆರೂರಿನ ನಮ್ಮ ಮನೆಯ ಬೋರಿನ ನೀರಿಗೂ ನೊರೆಗೂ ಮಾತ್ರ ಎಣ್ಣೆ ಸೀಗೆಕಾಯಿ ಸಂಬಂಧ.

ಹೀಗಿದ್ದೂ, ಚೊಚ್ಚಲ ಬಾಣಂತನಕ್ಕೆ ಬಂದ ಮಗಳು ನೇತ್ರಾಳ ಕೂಸಿಗೆ ನಾನೇ ಎರೆಯುತ್ತೇನೆಂದು ಸೆರಗು ಕಟ್ಟಿ ನಿಂತೆ. ನಮ್ಮಲ್ಲಿ ಎರೆಯುವುದೆಂದರೆ ಸಣ್ಣ ಕೆಲಸವಲ್ಲ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಮೈತುಂಬ ಎಣ್ಣೆ ತಿಕ್ಕಿ ನೀರು ಹೊಯ್ಯಬೇಕು. ಜಿಡ್ಡು ಹೋಗಲೆಂದು ಸೋಪು ಹಚ್ಚಿದೆ. ನೊರೆ ಬರಲಿಲ್ಲ. ನೊರೆ ಬಂದಿಲ್ಲವೆಂದರೆ ಜಿಡ್ಡು ಹೋಗಿಲ್ಲ ಎಂದುಕೊಂಡು ಮತ್ತೆ ಹಚ್ಚಿದೆ. ಕೆಲವೇ ದಿನಗಳಲ್ಲಿ ಕೂಸಿನ ಕುತ್ತಿಗೆಯ ಮಡಿಕೆ ಕೆಂಪಾಯಿತು.

ಹೆಸರಿಡುವ ತೊಟ್ಟಿಲ ಕಾರ್ಯಕ್ಕೆ ಸವಣೂರಿನಿಂದ ಬೀಗರು ಬರುವವರಿದ್ದರು. ತವರಿನವರು ಕೂಸನ್ನು ಜೋಪಾನ ಮಾಡಿದ ಚೆಂದ ನೋಡಿ ಎಂದು ಬೀಗತಿ ಒಂದು ಮಾತು ಅಂದರೆ, ಮಗಳು ಅದನ್ನು ಜನ್ಮವಿಡೀ ಕೇಳಬೇಕಲ್ಲ. ದೃಷ್ಟಿ ತೆಗೆದೆ. ಸೋಪು ಬದಲಿಸಿದೆ. ಕೆಂಪು ಇನ್ನಷ್ಟು ಹರಡಿತು.

ಕೊನೆಗೆ ಡಾಕ್ಟರು ಸೋಪನ್ನೇ ಬಿಡಿಸಿದರು. ಬಿ.ಎಸ್ಸಿ. ಓದಿದ ನೇತ್ರಾ ಮಲಗಿದಲ್ಲಿಂದಲೇ ನನಗೆ ಪಾಠ ಮಾಡಿದಳು. ಎಣ್ಣೆಯೂ ಕ್ಷಾರವೂ ಕೂಡಿದರೆ ಸೋಪು. ನೀರಲ್ಲಿ ಸುಣ್ಣದ ಅಂಶವಿದ್ದರೆ ಸೋಪು ಮೊದಲು ಅದರ ಬೆನ್ನು ಹತ್ತಿ, ಒಡೆದ ಹಾಲಿನಂತೆ ಗರಣೆಗಟ್ಟಿ ಮೈಗೆ ಅಂಟುತ್ತದಂತೆ. ಶಾಂಪೂ ಅಷ್ಟು ಸುಲಭವಾಗಿ ಒಡೆಯುವುದಿಲ್ಲವಂತೆ. ಕುದಿಸಿದರೆ ಸ್ವಲ್ಪ ಸುಣ್ಣ ಹಂಡೆಯ ತಳಕ್ಕೆ ಇಳಿಯುತ್ತದೆ, ನಿಜ. ಆದರೆ ಸುಡುನೀರನ್ನು ಹದಕ್ಕೆ ತರಲು ನಾನು ಅದೇ ಬೋರಿನ ತಣ್ಣೀರು ಬೆರೆಸುತ್ತಿದ್ದೆ. ಹೊರಗೆ ಹೋದ ಸುಣ್ಣವನ್ನು ಅರಿಶಿನ ಕುಂಕುಮ ಕೊಟ್ಟು ಒಳಗೆ ಕರೆದಂತಾಯಿತು. ಅಂದಿನಿಂದ ಕುದಿಸಿದ ನೀರನ್ನು ತಾನಾಗಿ ಆರಲು ಬಿಟ್ಟೆ.

ತೊಟ್ಟಿಲ ದಿನ ಬಂದಾಗ ಕೆಂಪು ಇನ್ನೂ ಪೂರ್ತಿ ಮಾಸಿರಲಿಲ್ಲ. ಸೆಕೆಯಲ್ಲೂ ಕೂಸಿಗೆ ತಲೆಯಿಂದ ಬೆನ್ನಿನವರೆಗೆ ಇಳಿಯುವ ಕುಂಚಿಗೆ ತೊಡಿಸಿ, ಕೊರಳು ಮುಚ್ಚುವಂತೆ ಅದರ ಕಸಿ ದಾರ ಬಿಗಿದೆ. ಬೀಗತಿ ಬಂದವರೇ ಕೂಸನ್ನು ಎತ್ತಿಕೊಂಡು, ಚೀಲದಿಂದ ಉಡುಗೊರೆ ತೆಗೆದು ನನ್ನ ಕೈಗಿಟ್ಟರು. ಒಂದು ಡಬ್ಬಿ ತುಂಬ ಕೂಸಿನ ಸೋಪು!

ನೇತ್ರಾಳೇ ಬಾಯಿಬಿಟ್ಟಳು. "ಸೋಪ್ ಹಚ್ಚೂದು ಬಿಟ್ಟೇವ್ರಿ ಅತ್ತಿ. ಕೂಸಿನ ಕುತ್ತಿಗಿ ಕೆಂಪಾಗಿತ್ತು."

ಬೀಗತಿ ಕುಂಚಿಗೆಯ ಕಸಿ ಬಿಚ್ಚಿದರು. ಮಡಿಕೆಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿದರು.

"ನನ್ನ ಮಗಗೂ ಹಿಂಗ ಆಗಿತ್ರಿ, ನಮ್ಮ ನೀರಾಗ ಸೋಪಿಗೆ ನೊರೀನ ಬರಂಗಿಲ್ಲ," ಅಂದರು. "ನಮ್ಮತ್ತಿ ಎಲ್ಲೆ ನೋಡತಾಳೋ ಅಂತ ಹೆದರಿ ನಾನೂ ಹಿಂಗ ಕುಂಚಿಗಿ ಬಿಗಿದಿದ್ದೆ."

ಸವಣೂರಿನ ಅವರ ಮನೆಯ ನೀರು ಹೇಗೆ ಎಂದು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.