ಕಡಸಿನ ಹಿಂದೆ ಹದಿನೆಂಟು ಕಿಲೋಮೀಟರು

ನಮ್ಮ ಕಡೆ ಕಾರಣವಿಲ್ಲದೆ ಯಾರೂ ಓಡುವುದಿಲ್ಲ. ಬಸ್ಸು ತಪ್ಪುವಂತಿದ್ದರೆ ಓಡುತ್ತಾರೆ, ತೋಟಕ್ಕೆ ಮಂಗ ನುಗ್ಗಿದರೆ ಓಡುತ್ತಾರೆ, ಹೆಜ್ಜೇನು ಎದ್ದರಂತೂ ವಯಸ್ಸು ವರಸೆ ನೋಡದೆ ಓಡುತ್ತಾರೆ. ಮಿಕ್ಕ ಹೊತ್ತಿನಲ್ಲಿ ನಡೆಯುತ್ತಾರೆ, ಇಲ್ಲವೇ ಬೈಕ್ ಹತ್ತುತ್ತಾರೆ. ಹೀಗಿರುವ ಅಜ್ಜಂಪುರದಲ್ಲಿ ಐವತ್ತೆರಡು ವರ್ಷದ ಮೆಡಿಕಲ್ ಸ್ಟೋರಿನವನೊಬ್ಬ ಬೆಳಗ್ಗೆ ಆರು ಗಂಟೆಗೆ ಚಡ್ಡಿ ಹಾಕಿಕೊಂಡು, ಹೊಟ್ಟೆ ಕುಲುಕಿಸಿಕೊಂಡು ಓಡಿದರೆ ಜನ ಏನೆಂದುಕೊಳ್ಳಬೇಕು? ಯಾರಿಗೋ ಎದೆನೋವು ಬಂದಿದೆ, ಇವನು ಮಾತ್ರೆ ಒಯ್ಯುತ್ತಿದ್ದಾನೆ ಅಂದುಕೊಂಡರು. ಮೊದಮೊದಲು ದಾರಿಯ ಮನೆಗಳವರೆಲ್ಲ ಹೊರಗೆ ಬಂದು "ಯಾರಿಗೇನಾಯ್ತಣ್ಣಾ?" ಎಂದು ಕೇಳುತ್ತಿದ್ದರು. "ಯಾರಿಗೂ ಏನಿಲ್ಲ, ಸುಮ್ನೆ ಓಡ್ತಿದೀನಿ" ಎಂದಾಗ ಅವರ ಮುಖದಲ್ಲಿ ಕಾಣುತ್ತಿದ್ದ ನಿರಾಸೆಗೆ ನನಗೇ ನಾಚಿಕೆಯಾಗುತ್ತಿತ್ತು.

ಸುಮ್ಮನೆ ಎಂದದ್ದೂ ಪೂರ್ತಿ ನಿಜವಲ್ಲ. ಇಪ್ಪತ್ತೈದು ವರ್ಷ ಊರಿಗೆಲ್ಲ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟವನು ಒಂದು ದಿನ ನನ್ನ ರಕ್ತವನ್ನೂ ಪರೀಕ್ಷೆಗೆ ಕೊಟ್ಟೆ. ಬಂದ ಚೀಟಿ ನೋಡಿ ಡಾಕ್ಟರು, "ನಿಮ್ಮ ಅಂಗಡಿಗೆ ಇನ್ನೊಬ್ಬ ಗಿರಾಕಿ ಸಿಕ್ಕಿದ್ರು ನೋಡಿ" ಎಂದು ನಕ್ಕರು. ಗಾಬರಿಯಿಂದ ನಡೆಯಲು ಶುರುಮಾಡಿದೆ. ನಡಿಗೆ ಓಟವಾಯಿತು, ಓಟ ದುರಾಸೆಯಾಯಿತು. ತರೀಕೆರೆಯ ಆಚೆ ಬೆಟ್ಟದ ಕಾಲುದಾರಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟೆ.

ಹೋದ ವರ್ಷ ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಮೀನಖಂಡ ಹಿಡಿದುಕೊಂಡು ಕೂತುಬಿಟ್ಟೆ. ಇಂಥ ಓಟಗಳಲ್ಲಿ ಕೂತವರನ್ನು ಆರಿಸಿಕೊಳ್ಳುತ್ತ ಬರುವ ಜೀಪೊಂದು ಇರುತ್ತದೆ. ಅತ್ತ ಕೊನೆಯ ಗೆರೆಯ ಹತ್ತಿರ ನನ್ನ ಹೆಂಡತಿ ಸುಜಾತ ಫೋನು ಎತ್ತಿ ಹಿಡಿದು, ಗಂಡ ಓಡಿ ಬರುವುದನ್ನು ವಿಡಿಯೋ ಮಾಡಲು ಕಾದಿದ್ದಳು. ಜೀಪು ಬಂತು. ಹಿಂಬಾಗಿಲಿನಿಂದ ನಾನು ಕುಂಟುತ್ತ ಇಳಿದೆ. ಅದೇ ವಿಡಿಯೋ ಆಯಿತು, ಸಂಜೆಯೊಳಗೆ ಕಡೂರಿನ ನಮ್ಮ ಭಾವಮೈದುನನ ಮನೆಯವರೆಗೂ ತಲುಪಿತು. ಅವನು ಈಗಲೂ ನನ್ನನ್ನು ಬಸ್‌ಸ್ಟ್ಯಾಂಡಿಗೆ ಕರೆಯಲು ಬಂದರೆ "ಭಾವ, ಜೀಪು ತಂದಿದೀನಿ" ಎನ್ನುತ್ತಾನೆ. ಅವನಿಗೆ ಇರುವುದು ಸ್ಕೂಟರು.

ಹಾಗಾಗಿ ಈ ವರ್ಷ ಸುಜಾತ ಒಂದು ಷರತ್ತು ಹಾಕಿದಳು. "ಓಟಕ್ಕೆ ಎರಡು ವಾರ ಮುಂಚೆ ಇಲ್ಲೇ ಕಾವಲಿನಾಗೆ ಹದಿನೆಂಟು ಕಿಲೋಮೀಟ್ರು ಓಡಿ ತೋರ್ಸಿ. ಯಾರ ಗಾಡಿನೂ ಹತ್ತಂಗಿಲ್ಲ. ಹತ್ತಿದ್ರೆ ಈ ವರ್ಷ ಓಟಾನೂ ಇಲ್ಲ, ವಿಡಿಯೋನೂ ಇಲ್ಲ." ಒಪ್ಪಿದೆ. ಆಮೇಲೆ ಯೋಚಿಸಿದರೆ ಹದಿನೆಂಟು ಕಿಲೋಮೀಟರಿಗಿಂತ ಗಾಡಿ ಹತ್ತದಿರುವುದೇ ಕಷ್ಟ ಅನ್ನಿಸಿತು. ನಮ್ಮ ಕಡೆ ನಡೆದು ಹೋಗುವವನನ್ನು ಕಂಡರೇ ಬೈಕ್ ನಿಲ್ಲಿಸುತ್ತಾರೆ, ಇನ್ನು ಓಡುವವನನ್ನು ಬಿಡುತ್ತಾರೆಯೇ? ಆ ಭಾನುವಾರ ಊರಿನ ಅಂಚು ದಾಟುವಷ್ಟರಲ್ಲಿ ಮೂವರು ನಿಲ್ಲಿಸಿದರು. ಮೂರನೆಯವನಂತೂ ನನ್ನ "ಬೇಡ" ಕೇಳಿ ನೊಂದುಕೊಂಡ. ಅವರಪ್ಪನಿಗೂ ನನಗೂ ಏನಾದರೂ ಮಾತು ಬಂದಿದೆಯೇ ಎಂದು ವಿಚಾರಿಸಿದ.

ಕಾವಲು ಅಂದರೆ ದೊಡ್ಡ ಕಾಡೇನಲ್ಲ. ದನ ಮೇಯಲೆಂದು ಹಿಂದಿನವರು ಬಿಟ್ಟ ಹುಲ್ಲುಗಾವಲು. ಈಗ ಜಾಲಿ, ತಂಗಡಿ, ಲಂಟಾನ ಬೆಳೆದು ಕುರುಚಲು ಕಾಡಾಗಿದೆ. ನಡುವೆ ದನಗಳೇ ತುಳಿದು ಮಾಡಿದ ದಾರಿ. ಒಂಬತ್ತು ಕಿಲೋಮೀಟರಿಗೆ ಒಂದು ಕೆರೆ. ಅಲ್ಲಿಗೆ ಹೋಗಿ ತಿರುಗಿ ಬಂದರೆ ನನ್ನ ಹದಿನೆಂಟು ಮುಗಿಯಿತು. ನವಿಲು ಕೂಗುತ್ತಿತ್ತು, ಹುಲ್ಲಿನ ಇಬ್ಬನಿ ಬೂಟಿನೊಳಗೆ ಇಳಿಯುತ್ತಿತ್ತು, ಫೋನಿನೊಳಗಿನ ಹೆಂಗಸು ಕಿಲೋಮೀಟರಿಗೊಮ್ಮೆ ಇಂಗ್ಲಿಷಿನಲ್ಲಿ ನನ್ನ ನಿಧಾನವನ್ನು ಹೇಳುತ್ತಿದ್ದಳು. ನನಗೆ ಸಂತೋಷವಾಗಿತ್ತು.

ನಾಲ್ಕನೆಯ ಕಿಲೋಮೀಟರಿನಲ್ಲಿ ಕಾವಲಿನ ಅಂಚಿನ ಒಂಟಿಮನೆಯ ಹಾಲಮ್ಮಜ್ಜಿ ದಾರಿಗೆ ಅಡ್ಡ ನಿಂತಿದ್ದಳು. ಅವಳ ಮಂಡಿನೋವಿನ ಎಣ್ಣೆ ನಮ್ಮ ಅಂಗಡಿಯದೇ.

"ಏನಪ್ಪಾ ಮೆಡಿಕಲ್ಲು, ನಿನ್ನ ದನಾನೂ ತಪ್ಪಿಸ್ಕಂಡೈತಾ?"

"ಇಲ್ಲ ಕಣಜ್ಜಿ, ಸುಮ್ನೆ ಓಡ್ತಿದೀನಿ."

"ಸುಮ್ನೆ ಓಡೋ ಬದ್ಲು ನಮ್ಮ ಬೆಳ್ಳೀನ ನೋಡ್ಕಂಡು ಓಡು. ನಿನ್ನೆ ಸಂಜೆಯಿಂದ ಕಡಸು ಮನೆಗೆ ಬಂದಿಲ್ಲ. ಚಿರತೆ ತಿರುಗ್ತೈತೆ ಅಂತಾರೆ. ಬಾಯಿ ಕಟ್ಟಿದೀನಿ ನೋಡು." ಸೆರಗಿನ ತುದಿ ಎತ್ತಿ ತೋರಿಸಿದಳು. ಅದರಲ್ಲಿ ಒಂದು ಗಂಟು.

ಪೇಟೆಯವರಿಗೆ ಇದು ಗೊತ್ತಿರಲಾರದು. ದನ ರಾತ್ರಿ ಕಾಡಿನಲ್ಲಿ ಉಳಿದರೆ ಮನೆದೇವರನ್ನು ನೆನೆದು ಹೀಗೊಂದು ಗಂಟು ಹಾಕುತ್ತಾರೆ. ಗಂಟು ಇರುವವರೆಗೆ ಚಿರತೆಯ ಬಾಯಿ ಬಿಚ್ಚುವುದಿಲ್ಲ, ದನ ಕೊಟ್ಟಿಗೆಗೆ ಬಂದ ಮೇಲೆಯೇ ಗಂಟು ಬಿಚ್ಚಬೇಕು. ನಾನು ಔಷಧಿ ಶಾಸ್ತ್ರ ಓದಿದವನು, ಇದನ್ನೆಲ್ಲ ನಂಬುವುದಿಲ್ಲ. ಆದರೆ ಅಜ್ಜಿ ಆ ಗಂಟನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಕಾವಲಿನ ಕಡೆಗೇ ನೋಡುತ್ತಿದ್ದಳು. "ಕಂಡ್ರೆ ಹೊಡ್ಕಂಡು ಬತ್ತೀನಿ ಕಣಜ್ಜಿ" ಎಂದುಬಿಟ್ಟೆ.

ಬೆಳ್ಳಿ ಕೆರೆಯ ಹತ್ತಿರವೇ ಸಿಕ್ಕಳು. ಅಜ್ಜಿಯನ್ನು ರಾತ್ರಿಯಿಡೀ ಚಿಂತೆಗೆ ಹಚ್ಚಿ ತಾನು ಆರಾಮಾಗಿ ಹಸಿ ಹುಲ್ಲು ಮೇಯುತ್ತಿದ್ದಳು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಸೀಮೆಯ ಅಮೃತಮಹಲ್ ತಳಿಯ ದನಗಳು ಒಂದು ಕಾಲಕ್ಕೆ ಮೈಸೂರಿನ ಸೈನ್ಯಕ್ಕೆ ಫಿರಂಗಿ ಎಳೆದವು. ಕುದುರೆಗಳು ಸೋತ ದಾರಿಯಲ್ಲೂ ಅವು ನಡೆದವು ಎಂದು ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ. ಚಿಕ್ಕಂದಿನಲ್ಲಿ ಕೇಳುವಾಗ ನನಗೂ ಹೆಮ್ಮೆಯಾಗಿತ್ತು. ಬೆಳ್ಳಿಯ ಮೈಯಲ್ಲಿ ಆ ರಕ್ತ ಸಾಕಷ್ಟಿದೆ ಎಂಬುದು ಅವತ್ತು ಅವಳ ಹಿಂದೆ ಓಡಿದಾಗ ತಿಳಿಯಿತು.

ದನ ಹೊಡೆಯುವುದು ಮರೆತು ನನಗೆ ಮೂವತ್ತು ವರ್ಷವಾಗಿತ್ತು. "ಹೈ" ಎಂದೆ. ಅವಳು ಕೆರೆ ಏರಿಯ ಕಡೆಗೆ ಓಡಿದಳು. ಸುತ್ತಿ ಬಳಸಿ ಅಡ್ಡಗಟ್ಟಿದೆ. ಅವಳು ಜಾಲಿಮರಗಳ ಕಡೆಗೆ ಓಡಿದಳು. ಹೀಗೆ ಕೆರೆಯನ್ನು ಒಂದು ಪ್ರದಕ್ಷಿಣೆ ಹಾಕಿದ ಮೇಲೆ ಕಾಲುದಾರಿಗೆ ಬಂದೆವು. ಅವಳು ಓಡಿದರೆ ನಾನೂ ಓಡಬೇಕು, ಅವಳು ನಿಂತು ಮೇದರೆ ನಾನು ಉಸಿರು ತೆಗೆದುಕೊಳ್ಳಬಹುದು. ನನಗೆ ಅಷ್ಟು ಕರುಣೆಯ ಗುರು ಅದುವರೆಗೆ ಸಿಕ್ಕಿರಲಿಲ್ಲ.

ಆದರೂ ಹದಿನಾಲ್ಕನೆಯ ಕಿಲೋಮೀಟರು ಬಂತು; ನನ್ನ ಹಳೆಯ ಶತ್ರು. ಮೀನಖಂಡ ಕಲ್ಲಾಯಿತು. ಬಗ್ಗಿ ಕಾಲು ಒತ್ತಿಕೊಳ್ಳುತ್ತಿದ್ದಾಗ ಹಿಂದಿನಿಂದ ಒಂದು ಟ್ರಾಕ್ಟರು ಬಂತು. ಡ್ರೈವರು ಗುರುತಿನವನೇ. "ಹತ್ತಣ್ಣ. ಕಡಸು ಹಿಂದಕ್ಕೆ ಕಟ್ಟಾಕಣ. ಯಾರೂ ನೋಡಲ್ಲ" ಎಂದ. ಆ ಕೊನೆಯ ಮಾತು ಅವನಿಗೆ ಯಾಕೆ ಹೊಳೆಯಿತೋ! ಬಹುಶಃ ಆ ವಿಡಿಯೋ ಅವನವರೆಗೂ ಬಂದಿತ್ತು. ನಿಮ್ಮ ಹತ್ತಿರ ಮುಚ್ಚುಮರೆಯೇಕೆ, ನಾನು ಒಂದು ಕಾಲನ್ನು ಟ್ರಾಕ್ಟರಿನ ಮೇಲೆ ಇಟ್ಟೇಬಿಟ್ಟಿದ್ದೆ. ಅಷ್ಟರಲ್ಲಿ ಎಂಜಿನ್ನು ಗುಡುಗುಟ್ಟಿದ್ದಕ್ಕೆ ಬೆಳ್ಳಿ ಬೆದರಿ ಬಾಲ ಎತ್ತಿ ಓಟ ಕಿತ್ತಳು. ಸೆರಗು ಹಿಡಿದುಕೊಂಡು ನಿಂತ ಅಜ್ಜಿ ಕಣ್ಣಮುಂದೆ ಬಂದಳು. ಕಾಲು ಇಳಿಸಿ ನಾನೂ ಓಟ ಕಿತ್ತೆ. ಮೀನಖಂಡದ ನೋವು ಯಾವಾಗ ಬಿಟ್ಟಿತೋ ಗೊತ್ತಿಲ್ಲ. ಒಂದು ಫರ್ಲಾಂಗು ಹೋದ ಮೇಲೆ ಅದಿಲ್ಲ ಎಂಬುದು ಅರಿವಾಯಿತು.

ಬೆಳ್ಳಿ ನೇರ ಕೊಟ್ಟಿಗೆಗೆ ನುಗ್ಗಿ ತನ್ನ ಗೂಟದ ಹತ್ತಿರ ನಿಂತುಕೊಂಡಳು. ಹಾಲಮ್ಮಜ್ಜಿ ಅವಳ ಬೆನ್ನ ಮೇಲೆ ಎರಡೇಟು ಹಾಕಿದಳು, ಆಮೇಲೆ ಕುತ್ತಿಗೆ ತಬ್ಬಿಕೊಂಡು ಅತ್ತಳು, ಆಮೇಲೆ ಗಂಟು ಬಿಚ್ಚಿದಳು. ನನಗೆ ಒಂದು ಚೊಂಬು ಮಜ್ಜಿಗೆ ಕೊಟ್ಟು, "ನೋಡಪ್ಪಾ, ಇದು ಓಟ. ಕಾಲಿಗೆ ಒಂದು ಕೆಲಸ ಕೊಟ್ರೆ ಅದಕ್ಕೆ ನೋಯೋಕೆ ಪುರುಸೊತ್ತು ಇರಲ್ಲ" ಎಂದಳು. ನೋವಿನ ಎಣ್ಣೆ ಮಾರುವವನಿಗೆ ಇದು ನಷ್ಟದ ಮಾತೇ ಸರಿ, ಆದರೂ ಒಪ್ಪಿದೆ. ಅಲ್ಲಿಂದ ಮನೆಗೆ ಉಳಿದ ನಾಲ್ಕು ಕಿಲೋಮೀಟರನ್ನೂ ಓಡಿಯೇ ಮುಟ್ಟಿದೆ. ಫೋನಿನ ಹೆಂಗಸು ಇಪ್ಪತ್ತೊಂದು ಎಂದಳು. ಕೆರೆ ಸುತ್ತಿಸಿದ ಲೆಕ್ಕವನ್ನು ಬೆಳ್ಳಿ ನನ್ನ ಖಾತೆಗೇ ಹಾಕಿದ್ದಳು.

ಸುಜಾತಳಿಗೆ ಎಲ್ಲವನ್ನೂ ಹೇಳಿದೆ, ಟ್ರಾಕ್ಟರಿನ ಮೇಲೆ ಇಟ್ಟ ಒಂದು ಕಾಲಿನ ಸಮೇತ. ಅವಳು "ಒಂದು ಕಾಲಿಟ್ರೆ ಹತ್ತಿದಂಗಲ್ಲ, ಹೋಗ್ಲಿ" ಎಂದು ತೀರ್ಪು ಕೊಟ್ಟಳು.

ಎರಡು ವಾರದ ನಂತರ ಬೆಟ್ಟದ ಓಟ ನಡೆಯಿತು. ಮುಂದೆ ಓಡಿಸಿಕೊಂಡು ಹೋಗಲು ಕಡಸು ಇರಲಿಲ್ಲ, ಮುಂದಿನವನ ಬೆನ್ನನ್ನೇ ಬೆಳ್ಳಿ ಅಂದುಕೊಂಡು ಹಿಂಬಾಲಿಸಿದೆ. ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಹಿಂದೆ ಜೀಪಿನ ಸದ್ದು ಕೇಳಿತು, ತಿರುಗಿ ನೋಡಲಿಲ್ಲ. ಕೊನೆಯಿಂದ ನಾಲ್ಕನೆಯವನಾಗಿ, ನನ್ನ ಎರಡೂ ಕಾಲಿನ ಮೇಲೆ ಗೆರೆ ದಾಟಿದೆ.

ಸುಜಾತ ಈ ಸಲ ವಿಡಿಯೋ ಮಾಡಿರಲಿಲ್ಲ. ಫೋನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು. ನೋಡಿದರೆ ಅಲ್ಲೊಂದು ಗಂಟು.

"ಲೇ, ಈ ಬೆಟ್ಟದಾಗೆ ಚಿರತೆ ಇಲ್ಲ ಕಣೇ" ಎಂದೆ.

"ಚಿರತೆಗಲ್ಲ ಕಣ್ರೀ," ಎಂದಳು ಕಣ್ಣೊರೆಸಿಕೊಂಡು, "ಆ ಜೀಪಿನ ಬಾಯಿ ಕಟ್ಟಿದ್ದೆ."

ಬಿಗಿಯಾಗಿಯೇ ಹಾಕಿದ್ದಳು. ಬಿಚ್ಚಲು ನನ್ನ ಹಲ್ಲೂ ಬೇಕಾಯಿತು.